ನೇರಳೆ ದೀಪದ ಕೆಳಗೆ ಅಜ್ಜಿಯ ಕೈ

ಮಾರಲು ಒಯ್ದ ಸೋಪೆಲ್ಲ ಒಂದೇ ಬೆಳಿಗ್ಗೆ ಖರ್ಚಾದ ದಿನ ಆ ಮನೆಯಲ್ಲಿ ಎಲ್ಲರ ಮುಖವೂ ಅರಳಿರಬೇಕಿತ್ತು. ಅಳಿಯ ತನ್ನ ಫ್ಯಾನು ರಿಪೇರಿ ಅಂಗಡಿಯನ್ನು ಬೇಗ ಮುಚ್ಚಿ ಬಂದಿದ್ದ. ಮೊಮ್ಮಗಳು ಶಾಲೆಯ ಚೀಲವನ್ನು ಬಾಗಿಲಲ್ಲೇ ಎಸೆದು, "ಅಮ್ಮಾ, ಒಂದೂ ಉಳೀಲಿಲ್ವಂತೆ!" ಎಂದು ಕುಣಿದಿದ್ದಳು. ಅಜ್ಜಿಯ ಮಗಳು ಡಾಕ್ಟರಮ್ಮ ಕೂತಲ್ಲಿ ಕೂರಲಾರದೆ ಖಾಲಿ ರಟ್ಟಿನ ಡಬ್ಬಗಳನ್ನು ಒಂದರೊಳಗೊಂದು ತುರುಕುತ್ತಿದ್ದಳು. ಎಲ್ಲರೂ ಊಟಕ್ಕೆ ಕೂತಾಗ ಅಜ್ಜಿ ಅನ್ನದ ಪಾತ್ರೆಯನ್ನು ತಂದು ನಡುವೆ ಇಟ್ಟು, ಸೌಟಿನ ಹಿಡಿಯನ್ನು ಅಳಿಯನ ಕಡೆ ತಿರುಗಿಸಿದಳು.

"ಇನ್ಮೇಲೆ ನೀವೇ ಬಡಿಸ್ಕೊಳ್ಳಿ."

"ಯಾಕತ್ತೆ, ನಮ್ಮ ಮೇಲೆ ಮುನಿಸಾ?" ಅಳಿಯ ನಕ್ಕ.

"ಮುನಿಸೇನಿಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದು ಹೇಳಿ ಅಜ್ಜಿ ತನ್ನ ತಟ್ಟೆಯನ್ನು ಎತ್ತಿಕೊಂಡು ಹಿತ್ತಿಲ ಕಟ್ಟೆಗೆ ಹೋಗಿ ಒಬ್ಬಳೇ ಕೂತಳು. ಡಾಕ್ಟರಮ್ಮ ಆ ದಿನ ಅದನ್ನು ಗಮನಿಸಲಿಲ್ಲ. ಗೆದ್ದವರಿಗೆ ಅಕ್ಕಪಕ್ಕ ಕಾಣುವುದು ಕಡಿಮೆ.

ಡಾಕ್ಟರಮ್ಮ ರೋಗಿಯ ನಾಡಿ ಹಿಡಿಯುವ ಡಾಕ್ಟರಲ್ಲ. ಚರಂಡಿ, ನಲ್ಲಿ, ಬಚ್ಚಲು, ಉಗುರುಸಂದಿ, ರೋಗ ಹುಟ್ಟುವ ಜಾಗಗಳೆಲ್ಲ ಅವಳ ವಿದ್ಯೆ. ಈ ವಿದ್ಯೆಯನ್ನೇ ಯಾಕೆ ಆರಿಸಿಕೊಂಡಳು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಅವಳಿಗೊಬ್ಬ ತಮ್ಮನಿದ್ದ. ನಡೆಯಲು ಕಲಿತ ವರ್ಷವೇ ವಾಂತಿಭೇದಿಯಾಗಿ ಹೋದ. ಅದಾದ ಮೇಲೆ ಅಪ್ಪನೂ ಬಹಳ ದಿನ ಇರಲಿಲ್ಲ. ಅಜ್ಜಿ ಕಾರ್ಖಾನೆಯ ಗಂಡಸರಿಗೆ ಮಧ್ಯಾಹ್ನದ ಊಟದ ಕ್ಯಾರಿಯರ್ ಕಟ್ಟಿ ಕಳಿಸುತ್ತಾ ಈ ಒಬ್ಬ ಮಗಳನ್ನು ದೊಡ್ಡ ಓದು ಓದಿಸಿದಳು. ಒಲೆ, ಬೂದಿ, ಬಿಸಿಪಾತ್ರೆ, ಕುದಿನೀರು ಸೇರಿ ಅವಳ ಅಂಗೈಯಲ್ಲಿ ಬಿರುಕು ಬಿಡದ ಜಾಗವೇ ಉಳಿದಿರಲಿಲ್ಲ.

ಮಗಳು ನಗರಸಭೆಯ ಆರೋಗ್ಯ ಕಚೇರಿಯಲ್ಲಿ ಕೂದಲು ನರೆಯುವ ತನಕ ದುಡಿದಳು. ಚಿತ್ರಪಟ ತೂಗಿಹಾಕಿ, ಕಡ್ಡಿ ಹಿಡಿದು, ಕೈ ತೊಳೆಯಿರಿ ಎಂದು ಓಣಿ ಓಣಿ ಸುತ್ತಿದಳು. ಜನ ತಲೆಯಾಡಿಸಿ, ಸಭೆಯಲ್ಲಿ ಕೊಟ್ಟ ಬಾಳೆಹಣ್ಣನ್ನು ತೊಳೆಯದ ಕೈಯಲ್ಲೇ ಸುಲಿದು ತಿಂದು ಎದ್ದುಹೋಗುತ್ತಿದ್ದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಪುಕ್ಕಟೆ ಹಂಚಿದ ಸೋಪು ನೆಂಟರು ಬಂದಾಗ ಬೇಕೆಂದು ಕಪಾಟು ಸೇರುತ್ತಿತ್ತು. ಜನ ಕೇಳಿದ್ದನ್ನು ಮರೆಯುತ್ತಾರೆ, ಕೊಂಡದ್ದನ್ನು ಬಳಸುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು. ಕೆಲಸ ಬಿಟ್ಟು, ಹಿತ್ತಿಲ ಶೆಡ್ಡಿನಲ್ಲಿ ಪುಟ್ಟ ಪುಟ್ಟ ಸೋಪು ಮಾಡಿ, ನಲ್ಲಿಗೆ ನೇತುಹಾಕಲು ಹುರಿ ಪೋಣಿಸಿ ಮಾರತೊಡಗಿದಳು. ಬೀದಿಯವರು "ಸೋಪಮ್ಮ" ಎಂದು ಹೆಸರಿಟ್ಟರು.

"ಹೆಸರಿಟ್ಟಿದಾರೆ ಅಂದ್ರೆ ನೆನಪಿಟ್ಕೊಂಡಿದಾರೆ ಅಂತ. ಕಚೇರೀಲಿ ಇದ್ದಾಗ ನನ್ನ ಹೆಸರೇ ಯಾರಿಗೂ ಗೊತ್ತಿರ್ಲಿಲ್ಲ" ಎಂದು ಅವಳು ನಕ್ಕುಬಿಟ್ಟಳು.

ಆದರೂ ಸೋಪು ಕುಂಟುತ್ತಲೇ ಸಾಗಿತ್ತು. ಆಗ ಸಗಟು ಅಂಗಡಿಯವನೊಬ್ಬ ಪಾಲುದಾರನಾಗಿ ಸೇರಿಕೊಂಡ, ಅವನ ಹಿಂದೆಯೇ ದೀಪದ ಪೆಟ್ಟಿಗೆ ಬಂತು. ಕಣ್ಣಿಗೆ ಕಾಣದ ಒಂದು ಪುಡಿಯನ್ನು ಕೈಗೆ ಸವರಿ, ಎಂದಿನ ಹಾಗೆ ತೊಳೆದು ಬರಲು ಹೇಳುವುದು. ಆಮೇಲೆ ಆ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟರೆ ನೇರಳೆ ದೀಪದಲ್ಲಿ, ನೀರು ಮುಟ್ಟದ ಜಾಗವೆಲ್ಲ ಹಸಿರಾಗಿ ಹೊಳೆಯುತ್ತದೆ. ಉಗುರ ಸುತ್ತ, ಬೆರಳ ಸಂದಿ, ಉಂಗುರದ ಕೆಳಗೆ. ಈ ಪೆಟ್ಟಿಗೆಗೆ ಒಂದು ದೋಷವಿತ್ತು. ಬಿರುಕು ಬಿಟ್ಟ ಚರ್ಮದಲ್ಲಿ ಪುಡಿ ಇಳಿದು ಕೂತರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಅದು ಕೊಳೆಯಲ್ಲ, ಬರೀ ಬಿರುಕು. ಡಾಕ್ಟರಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಯಾವಾಗಲೂ ಎಳೆಯ ಕೈಗಳನ್ನೇ ಕರೆಯುತ್ತಿದ್ದಳು.

ಸೋಪೆಲ್ಲ ಖರ್ಚಾದ ಆ ಬೆಳಿಗ್ಗೆ ಕಾರ್ಖಾನೆಯ ಗೇಟಿನ ಮುಂದೆ ಮೇಜು ಹಾಕಿದ್ದರು. ಗಂಡಸರು ಸುತ್ತ ನಿಂತು ಗೇಲಿ ಮಾಡಿದರೇ ಹೊರತು ಒಬ್ಬರೂ ಕೈ ನೀಡಲಿಲ್ಲ. ಪಾಲುದಾರ ಬೆವರು ಒರೆಸಿಕೊಂಡ. ಹೊತ್ತಿಗೆ ಸರಿಯಾಗಿ ಅಜ್ಜಿ ಕ್ಯಾರಿಯರುಗಳ ಗಾಡಿ ತಳ್ಳಿಕೊಂಡು ಬಂದಳು. "ಬಾಮ್ಮ, ಒಂದ್ನಿಮಿಷ ಕೈ ಕೊಡು" ಎಂದು ಮಗಳು ಕರೆದಳು. ಮಗಳಿಗೆ ನೆರವಾಗುವುದೆಂದರೆ ಅಜ್ಜಿಗೆ ಖುಷಿಯೇ. ಗೇಟಿನ ನಲ್ಲಿಯಲ್ಲಿ ತಿಕ್ಕಿ ತಿಕ್ಕಿ ತೊಳೆದು ಬಂದಳು. ಪೆಟ್ಟಿಗೆಯೊಳಗೆ ಅವಳ ಎರಡೂ ಅಂಗೈ ಮಣಿಕಟ್ಟಿನ ತನಕ ಧಗಧಗ ಹೊಳೆದವು. ಗುಂಪು ಒಮ್ಮೆಲೇ ಸುಮ್ಮನಾಯಿತು. ಪಾಲುದಾರನ ಕ್ಯಾಮೆರಾ ಕ್ಲಿಕ್ಕೆಂದಿತು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು. ಕೆಸರು ಯಾರ ಬಾಯಿಗೆ ಬಿತ್ತು ಅಂತ ಈಗ ಗೊತ್ತಾಯ್ತು ನೋಡ್ರಪ್ಪಾ!" ಎಂದು ಲೇತ್ ಮೇಸ್ತ್ರಿ ಕೂಗಿದ. ಅಜ್ಜಿಯ ಕ್ಯಾರಿಯರ್ ಊಟವನ್ನು ಎಲ್ಲರಿಗಿಂತ ಹೆಚ್ಚು ವರ್ಷದಿಂದ ಉಣ್ಣುತ್ತಿದ್ದವನು ಅವನೇ. ಎಲ್ಲರೂ ನಕ್ಕರು, ನಗುತ್ತಲೇ ಸೋಪು ಕೊಂಡರು.

ಮರುದಿನ ಕ್ಯಾರಿಯರುಗಳು ಯಾರೂ ಅನ್ನ ಮುಟ್ಟದೆ ಹಾಗೇ ವಾಪಸು ಬಂದವು. ಅದರ ಮರುದಿನ ಇಬ್ಬರು ಇನ್ನು ಊಟ ಬೇಡವೆಂದು ಹೇಳಿಕಳಿಸಿದರು, ವಾರ ಕಳೆಯುವುದರೊಳಗೆ ಎಲ್ಲರೂ. ಅಜ್ಜಿ ಕ್ಯಾರಿಯರುಗಳನ್ನು ಬೆಳಗಿ, ಬಿಸಿಲಿಗೆ ಬೋರಲು ಹಾಕಿ, ಅಟ್ಟಕ್ಕೆ ಏರಿಸಲು ಅಳಿಯನನ್ನು ಕರೆದಳು.

"ನಾಲ್ಕು ದಿನ ನೋಡೋಣ ಇರಿ ಅತ್ತೆ. ಹಸಿವಾದ್ರೆ ತಾವಾಗೇ ಬರ್ತಾರೆ."

"ಬೇಡ. ಅವರು ತಿಂದು ಏನಾದ್ರೂ ಆದ್ರೆ?"

ಸಂಜೆ ಮಗಳು ಬಂದಾಗ ಅಳಿಯ ವಿಷಯ ಎತ್ತಿದ. ಡಾಕ್ಟರಮ್ಮ ಚಪ್ಪಲಿ ಬಿಡುತ್ತಲೇ ಹೇಳಿದಳು, "ಒಳ್ಳೇದೇ ಆಯ್ತು ಬಿಡಿ. ಈ ವಯಸ್ಸಲ್ಲಿ ಗಾಡಿ ತಳ್ಳೋದು ಬೇಡ ಅಂತ ನಾನೂ ಎಷ್ಟು ಸಲ ಹೇಳಿದೀನಿ. ಅಮ್ಮಾ, ಇನ್ನು ಆರಾಮಾಗಿರು."

"ಹೂಂ, ಆರಾಮಾಗಿದೀನಲ್ಲ" ಎಂದಳು ಅಜ್ಜಿ.

"ಅಮ್ಮಾ, ಅಜ್ಜಿ ಮುಖ ನೋಡು ಒಂದ್ಸಲ" ಎಂದಳು ಮೊಮ್ಮಗಳು. ಆ ಹುಡುಗಿಗೆ ಬೀದಿಯಲ್ಲಿ ಚಿನಕುರುಳಿ ಎಂದು ಹೆಸರು. ಹದಿನೈದು ತುಂಬಿದ ಮೇಲಂತೂ ಅವಳ ಬಾಯಿಗೆ ಬೀಗ ಹಾಕುವವರು ಇರಲಿಲ್ಲ.

"ನಿನ್ನ ಪುಸ್ತಕದ ಮುಖ ನೋಡು ನೀನು ಮೊದ್ಲು."

ಅಜ್ಜಿ ಒಲೆಯ ಕೆಲಸ ಪೂರ್ತಿ ಬಿಟ್ಟಳು. ಹಿಟ್ಟು ಕಲಸಲಿಲ್ಲ, ಅಕ್ಕಿ ತೊಳೆಯಲಿಲ್ಲ, ಮೊಮ್ಮಗಳ ತಲೆ ಬಾಚಲಿಲ್ಲ. ಬೆಳಿಗ್ಗೆ ಡಾಕ್ಟರಮ್ಮ ಒಂದು ಕಣ್ಣು ಗಡಿಯಾರದ ಮೇಲಿಟ್ಟು ಬೇಳೆ ಸೀಯಿಸುತ್ತಿದ್ದಳು. ಸಂಜೆ ಅಳಿಯ ಮೊಟ್ಟೆ ಬೇಯಿಸುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಅದೊಂದೇ.

"ನಿನ್ನೆ ಮೊಟ್ಟೆ, ಇವತ್ತು ಮೊಟ್ಟೆ. ನಾಳೆಯಿಂದ ನಾನು ಕೂಗೋಕೆ ಶುರು ಮಾಡ್ತೀನಿ, ಕೋಳಿ ತರ" ಎಂದಳು ಚಿನಕುರುಳಿ.

ಅಳಿಯ ನಕ್ಕ. ಹಿತ್ತಿಲ ಕಟ್ಟೆಯಲ್ಲಿ ಒಬ್ಬಳೇ ಚಮಚದಲ್ಲಿ ಅನ್ನ ತಿನ್ನುತ್ತಿದ್ದ ಅಜ್ಜಿ ಮಾತ್ರ ನಗಲಿಲ್ಲ. ಜೀವಮಾನದಲ್ಲಿ ಚಮಚದಲ್ಲಿ ಉಂಡವಳಲ್ಲ. ಅನ್ನ ಅರ್ಧ ಸೆರಗಿಗೆ ಬೀಳುತ್ತಿತ್ತು.

ಅಷ್ಟರಲ್ಲಿ ಬಸ್ ನಿಲ್ದಾಣದ ಗೋಡೆಗೆ ಪಾಲುದಾರ ಮಾಡಿಸಿದ ಪೋಸ್ಟರು ಬಂತು. ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಹೊಳೆಯುವ ಎರಡು ಕೈ, ಕೆಳಗೆ ದಪ್ಪ ಅಕ್ಷರದಲ್ಲಿ, "ಈ ಕೈಯಿಂದ ಉಣ್ಣುತ್ತೀರಾ?" ಮುಖವಿರಲಿಲ್ಲ. ಆದರೆ ಕೈ ಯಾರದ್ದೆಂದು ಇಡೀ ಬೀದಿಗೆ ಗೊತ್ತಿತ್ತು. ಶಾಲೆಗಳ ಒಂದು ದೊಡ್ಡ ಸಂಘ ಆ ಪೋಸ್ಟರು ನೋಡಿಯೇ ಪಾಲುದಾರನನ್ನು ಕರೆಸಿತು. ಪ್ರತಿ ಶಾಲೆಯ ಪ್ರತಿ ನಲ್ಲಿಗೂ ಒಂದು ಸೋಪು, ಪ್ರತಿ ಗೋಡೆಗೂ ಒಂದು ಪೋಸ್ಟರು. ಡಾಕ್ಟರಮ್ಮ ಕಚೇರಿಯಲ್ಲಿ ಕೂತು ಕಂಡ ಕನಸೆಲ್ಲ ಒಂದೇ ಸಹಿಯ ದೂರದಲ್ಲಿತ್ತು.

ಮನೆಯಲ್ಲಿ ಸೋಪು ಕಾಣೆಯಾಗುತ್ತಿದೆ ಎಂದು ಮೊದಲು ಕಂಡುಹಿಡಿದವಳು ಚಿನಕುರುಳಿ. ಬಚ್ಚಲಿನದು, ಹಿತ್ತಿಲ ನಲ್ಲಿಯದು, ಶೆಡ್ಡಿನಲ್ಲಿ ಮುರಿದು ಪಕ್ಕಕ್ಕಿಟ್ಟ ತುಂಡುಗಳೂ ಮಾಯ. ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬೇಗ ಬಂದಾಗ ಅಜ್ಜಿ ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಬ್ರಷ್ಷಿನಿಂದ ಅಂಗೈ ಉಜ್ಜುತ್ತಿದ್ದಳು. ನೊರೆ ಕೆಂಪಾಗಿತ್ತು.

"ಅಜ್ಜೀ! ಏನ್ಮಾಡ್ತಿದೀಯ? ರಕ್ತ ಬರ್ತಿದೆ!"

"ಬರ್ಲಿ. ಆಳದಲ್ಲಿ ಇರೋದು ಹೋಗ್ಬೇಕಲ್ಲ. ಪುಟ್ಟಾ, ನನಗೊಂದು ಉಪಕಾರ ಮಾಡ್ತೀಯಾ? ನಿಮ್ಮಮ್ಮನ ಆ ಪೆಟ್ಟಿಗೆ ತಂದು ತೋರ್ಸು. ಹೋಗಿದ್ಯೋ ಇಲ್ವೋ ನೋಡ್ಬೇಕು."

ಹುಡುಗಿಗೆ ತೋಚಿದ್ದು ಇಷ್ಟೇ. ಇಷ್ಟು ತೊಳೆದ ಕೈ ಶುದ್ಧವಾಗಿಯೇ ಇರುತ್ತದೆ, ಒಮ್ಮೆ ಕಣ್ಣಾರೆ ಕಂಡರೆ ಅಜ್ಜಿಗೆ ಸಮಾಧಾನವಾಗಿ ಈ ಹುಚ್ಚು ನಿಲ್ಲುತ್ತದೆ. ಶೆಡ್ಡಿನಿಂದ ಪೆಟ್ಟಿಗೆ ತಂದಳು. ಅಮ್ಮ ಮಾಡುವುದನ್ನು ನೋಡಿ ಕಲಿತಂತೆಯೇ ಪುಡಿ ಸವರಿ, ಕೈ ತೊಳೆಸಿ, ದೀಪ ಹಾಕಿದಳು. ಮೊದಲಿಗಿಂತ ಹೆಚ್ಚು ಹೊಳೆಯಿತು. ಉಜ್ಜಿ ಉಜ್ಜಿ ಬಿರುಕೆಲ್ಲ ಬಾಯಿ ತೆರೆದಿತ್ತು, ಪುಡಿ ಅಷ್ಟೂ ಒಳಗೆ ಕೂತಿತ್ತು.

ಡಾಕ್ಟರಮ್ಮ ಬಾಗಿಲು ದೂಡಿ ಒಳಗೆ ಬಂದಾಗ ಅಜ್ಜಿ ಇನ್ನೂ ಪೆಟ್ಟಿಗೆಯಿಂದ ಕೈ ತೆಗೆದಿರಲಿಲ್ಲ. ಹುಡುಗಿ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು.

"ಯಾರು ಇದನ್ನ ತರೋಕೆ ಹೇಳಿದ್ದು ನಿನಗೆ?"

"ನಾನೇ ಹೇಳಿದ್ದು. ಅವಳನ್ನ ಬೈಬೇಡ" ಎಂದಳು ಅಜ್ಜಿ. ಆಮೇಲೆ ಕೈಯಿಂದ ಕಣ್ಣು ಕೀಳದೆ, "ಒಂದು ಮಾತು ಕೇಳ್ತೀನಿ. ನೀನು ಓದಿರೋಳು. ನಿನ್ನ ತಮ್ಮ ನನ್ನ ಕೈಯಿಂದಾನೇ ಹೋದ್ನಾ?" ಎಂದಳು.

ಡಾಕ್ಟರಮ್ಮನ ಕೈಚೀಲ ಜಾರಿ ನೆಲಕ್ಕೆ ಬಿತ್ತು.

"ಇಲ್ಲಮ್ಮ! ಎಂಥ ಮಾತು ಆಡ್ತೀಯ! ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ."

"ಮೂರು ಹೊತ್ತೂ ಕಲಸಿ ತಿನ್ನಿಸ್ತಿದ್ದೆ ಅವನಿಗೆ."

"ನಿನ್ನ ಕೈಯಲ್ಲಿ ಏನೂ ಇಲ್ಲ ಅಂದ್ನಲ್ಲ. ಅದು ಬರೀ ಬಿರುಕು."

ಅಜ್ಜಿ ತಲೆ ಎತ್ತಿ ಮಗಳನ್ನು ನೋಡಿದಳು. ದನಿ ಏರಿಸಲಿಲ್ಲ. "ಜನರ ಮುಂದೆ ಇದೆ ಅಂತೀಯ. ಮನೇಲಿ ಇಲ್ಲ ಅಂತೀಯ. ಯಾವ್ದನ್ನ ನಂಬ್ಲಿ ನಾನು?"

ಡಾಕ್ಟರಮ್ಮ ದೀಪ ಆರಿಸಿದಳು. ಬಿಸಿನೀರು ತಂದು, ಗಾಯ ತೊಳೆದು, ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಅಜ್ಜಿ ಮಕ್ಕಳ ಹಾಗೆ ಸುಮ್ಮನೆ ಕೈ ಕೊಟ್ಟು ಕೂತಿದ್ದಳು.

ಅಳಿಯ ಸಂಜೆ ಎಲ್ಲವನ್ನೂ ಕೇಳಿಕೊಂಡ. ಮದುವೆಯಾಗಿ ಅತ್ತೆಯ ಮನೆಗೇ ಬಂದು ನೆಲೆಸಿದ ಮನುಷ್ಯ, ಹೆಂಡತಿಗೆ ಎದುರು ಮಾತಾಡಿದ್ದು ಕಡಿಮೆ. ಆ ದಿನ ಅವನು ತಟ್ಟೆಯನ್ನು ಅತ್ತ ಸರಿಸಿದ.

"ಬಿರುಕಲ್ಲಿ ಪುಡಿ ನಿಲ್ಲತ್ತೆ ಅಂತ ನಿನಗೆ ಮೊದ್ಲೇ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಅವರ ಕೈ ಯಾಕೆ ಇಡ್ಸಿದೆ?"

"ಕರೆದಾಗ ಅದು ತಲೇಲೇ ಇರ್ಲಿಲ್ಲ. ಹೊಳೆದ ಮೇಲೆ ನೆನಪಾಯ್ತು. ಆಗ್ಲೇ ಹೇಳ್ಬಹುದಿತ್ತು." ಡಾಕ್ಟರಮ್ಮ ಅನ್ನವನ್ನು ಬೆರಳಲ್ಲಿ ಅತ್ತಿತ್ತ ದೂಡಿದಳು. "ಜನ ಉಸಿರು ಬಿಗಿಹಿಡ್ಕೊಂಡು ನೋಡ್ತಿದ್ರು ರೀ. ಇಷ್ಟು ವರ್ಷ ಗಂಟಲು ಹರ್ಕೊಂಡಿದೀನಿ, ಒಬ್ಬರಾದ್ರೂ ಹಂಗೆ ನೋಡಿದ್ರಾ? ಬಾಯಿ ಬಿಟ್ರೆ ಎಲ್ಲಾ ಹೋಗ್ಬಿಡತ್ತೆ ಅನ್ಸ್ತು."

"ಊರಿಗೆ ಉಪಕಾರಿ, ಮನೆಗೆ ಮಾರಿ."

"ನೀವೂ ಹಂಗಂದ್ರೆ ನಾನೆಲ್ಲಿಗೆ ಹೋಗ್ಲಿ? ಆ ಶಾಲೆಗಳಲ್ಲಿ ಮಕ್ಕಳು ಕೈ ತೊಳೆಯೋದು ಬೇಡ್ವಾ? ನನ್ನ ತಮ್ಮನ ತರ ಎಷ್ಟು ಜನ ಹೋಗ್ಬೇಕು ಇನ್ನೂ?"

"ತೊಳೀಲಿ. ಯಾರು ಬೇಡ ಅಂದ್ರು? ಅದಕ್ಕೆ ನಿಮ್ಮಮ್ಮನ್ನೇ ಬಲಿ ಕೊಡ್ಬೇಕಾ ಅಂತ ನನ್ನ ಪ್ರಶ್ನೆ."

ಸಂಘದ ಸಭೆ ಮುಂದಿನ ವಾರವಿತ್ತು. ಅಲ್ಲಿಯವರೆಗೆ ಡಾಕ್ಟರಮ್ಮ ದಿನಾ ತಾಯಿಯ ಕೈಯ ಬಟ್ಟೆ ಬದಲಿಸಿದಳು. ಸೋಪನ್ನೆಲ್ಲ ಶೆಡ್ಡಿನಲ್ಲಿಟ್ಟು ಬೀಗ ಹಾಕಿದಳು, ಕೈ ತೊಳೆಯಿರಿ ಎಂದು ಬಾಳೆಲ್ಲ ಕೂಗಿದವಳು. ಅಜ್ಜಿ ಮಗನ ಕುರಿತ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕೇಳದಿದ್ದದ್ದೇ ಮಗಳಿಗೆ ನುಂಗಲಾರದ ತುತ್ತಾಯಿತು.

ಸಭೆ ನಡೆದದ್ದು ಒಂದು ಶಾಲೆಯ ಪ್ರಯೋಗಾಲಯದಲ್ಲಿ. ಮೇಜಿನ ಸುತ್ತ ಮುಖ್ಯೋಪಾಧ್ಯಾಯರು, ಗೋಡೆಯ ಮೇಲೆ ಪೋಸ್ಟರು. ಪಾಲುದಾರ ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದ. ಕನ್ನಡಕದ ಹಿರಿಯ ಮುಖ್ಯೋಪಾಧ್ಯಾಯಿನಿಯೊಬ್ಬರು ಪೋಸ್ಟರನ್ನು ನೋಡುತ್ತಾ, "ಅಬ್ಬಾ, ಎಷ್ಟು ಕೊಳಕು ಕೈ! ಮಕ್ಕಳು ಜನ್ಮದಲ್ಲಿ ಮರೆಯಲ್ಲ" ಎಂದರು.

"ಅದು ಕೊಳಕು ಕೈಯಲ್ಲ ಮೇಡಂ" ಎಂದಳು ಡಾಕ್ಟರಮ್ಮ.

ಪಾಲುದಾರ ಮೇಜಿನ ಕೆಳಗೆ ಅವಳ ಕಾಲು ಒತ್ತಿದ.

"ನಮ್ಮಮ್ಮನ ಕೈ ಅದು. ಚೆನ್ನಾಗೇ ತೊಳೆದಿದ್ರು, ನಾನೇ ನೋಡಿದೀನಿ. ಕೈ ಒಡೆದಿದ್ರೆ ಬಿರುಕಲ್ಲಿ ಪುಡಿ ನಿಲ್ಲತ್ತೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ."

"ಹಾಗಾದ್ರೆ ಇದು ಸುಳ್ಳು ಅಂತಾಯ್ತು."

"ಸೋಪು ಸುಳ್ಳಲ್ಲ ಮೇಡಂ. ಚಿತ್ರ ಸುಳ್ಳು. ಚಿತ್ರ ಬಿಟ್ಟು ಸೋಪು ತಗೊಳ್ಳಿ ಅಂತ ಕೇಳೋಕೆ ಬಂದಿದೀನಿ."

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮಡಚಿದರು. ಚಿತ್ರದಲ್ಲಿ ಸುಳ್ಳು ಹೇಳಿದವರು ಸೋಪಿನಲ್ಲಿ ನಿಜ ಹೇಳುತ್ತಾರೆಂದು ನಂಬುವುದು ಹೇಗೆ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುಂದೆ ನೋಡೋಣ ಎಂದು ಎಲ್ಲರೂ ಎದ್ದರು. ಪಾಲುದಾರ ಹೊರಗೆ ಮೆಟ್ಟಿಲ ಮೇಲೆ ಕೈಮುಗಿದ.

"ದೊಡ್ಡ ನಮಸ್ಕಾರ ತಾಯಿ. ನೀವು ಸತ್ಯ ಮಾರ್ಕೊಳ್ಳಿ. ನಾನು ಬೇರೆ ಏನಾದ್ರೂ ಮಾರ್ಕೋತೀನಿ."

ಅದೇ ಮಧ್ಯಾಹ್ನ ಅವಳು ಕಾರ್ಖಾನೆಯ ಗೇಟಿಗೂ ಹೋದಳು. ಊಟದ ಬಿಡುವಿನಲ್ಲಿ ಹೊರಬಂದ ಗಂಡಸರಿಗೆ ಅಷ್ಟನ್ನೂ ಬಿಡಿಸಿ ಹೇಳಿದಳು. ಅವರು ಕಾಲಬೆರಳು ನೋಡುತ್ತಾ ಕೇಳಿದರು. ಲೇತ್ ಮೇಸ್ತ್ರಿ ತಲೆ ಕೆರೆದುಕೊಂಡ.

"ಹೌದೇನಮ್ಮಾ. ಪಾಪ, ನಾನೂ ಏನೇನೋ ಅಂದ್ಬಿಟ್ಟೆ. ಆದ್ರೆ ಈಗ ಎಲ್ರೂ ಬೇರೆ ಕಡೆ ಹೊಂದಿಸ್ಕೊಂಡಿದೀವಿ. ಮತ್ತೆ, ಸುಳ್ಳು ಹೇಳ್ಬಾರ್ದು, ತಟ್ಟೆ ಮುಂದೆ ಕೂತ್ರೆ ಆ ಹಸಿರು ಕಣ್ಣಮುಂದೆ ಬರತ್ತೆ."

ಹಿಂದಿರುಗುವ ದಾರಿಯಲ್ಲಿ ಅಳಿಯ ಬಸ್ ನಿಲ್ದಾಣದಲ್ಲಿ ಬಕೆಟ್ಟು ಹಿಡಿದು ಕಾದಿದ್ದ. ಇಬ್ಬರೂ ಸೇರಿ ಗೋಡೆಗೆ ನೀರು ಎರಚಿ ಪೋಸ್ಟರುಗಳನ್ನು ಕೆರೆದು ತೆಗೆದರು. ಬಸ್ಸಿಗೆ ನಿಂತವರು ಮಿಕಿಮಿಕಿ ನೋಡಿದರು. ಗೋಂದು ಗಟ್ಟಿಯಾಗಿತ್ತು, ಪೂರ್ತಿ ಹೋಗಲಿಲ್ಲ.

ಮನೆಗೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಕೈಯ ಬಟ್ಟೆ ಆ ಬೆಳಿಗ್ಗೆಯಷ್ಟೇ ಬಿಚ್ಚಿತ್ತು, ಹೊಸ ಚರ್ಮ ತೆಳ್ಳಗೆ ಮೂಡಿತ್ತು. ಡಾಕ್ಟರಮ್ಮ ಪಕ್ಕದಲ್ಲಿ ಕೂತು ಶಾಲೆಯಲ್ಲಿ ಆಡಿದ್ದು, ಗೇಟಿನಲ್ಲಿ ಆಡಿದ್ದು ಎಲ್ಲ ಒಪ್ಪಿಸಿದಳು.

"ಅಷ್ಟು ದೊಡ್ಡ ಕೆಲಸ ಕೈಬಿಟ್ಟು ಹೋಯ್ತಾ?" ಅಜ್ಜಿಗೆ ನಿಜಕ್ಕೂ ಸಂಕಟವಾಯಿತು. "ಯಾಕೆ ಹೇಳೋಕೆ ಹೋದೆ? ನನಗೆ ವಯಸ್ಸಾಯ್ತು, ಯಾರು ಏನಂದ್ರೆ ಏನು?"

"ನೀನು ಅವತ್ತು ಒಂದು ಮಾತು ಕೇಳಿದ್ಯಲ್ಲಮ್ಮ. ಅದಕ್ಕೆ ಸರಿಯಾಗಿ ಉತ್ತರ ಹೇಳ್ಬೇಕು ಅಂದ್ರೆ ಇದನ್ನೆಲ್ಲ ಮೊದ್ಲು ಮುಗಿಸ್ಬೇಕಿತ್ತು. ಇಲ್ದಿದ್ರೆ ನೀನು ನಂಬ್ತಿರ್ಲಿಲ್ಲ."

ಅಜ್ಜಿ ಅಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅವತ್ತು ಇಲ್ಲ ಅಂತ ಥಟ್ಟನೆ ಹೇಳ್ಬಿಟ್ಟೆ. ಅದೂ ಸರಿಯಲ್ಲ. ನನಗೆ ಗೊತ್ತಿಲ್ಲಮ್ಮ. ನೀರಿಂದ ಬಂದಿರಬಹುದು, ನೊಣದಿಂದ ಬಂದಿರಬಹುದು. ನಿನ್ನ ಕೈಯಿಂದಾನೂ ಬಂದಿರಬಹುದು. ನನ್ನ ಕೈಯಿಂದಾನೂ ಬಂದಿರಬಹುದು, ನಾನೂ ಅವನಿಗೆ ತಿನ್ನಿಸ್ತಿದ್ನಲ್ಲ. ಅದು ಯಾರಿಗೂ ಗೊತ್ತಾಗಲ್ಲ. ಯಾವ ದೀಪ ಹಾಕಿದ್ರೂ ಗೊತ್ತಾಗಲ್ಲ."

ಅಜ್ಜಿಯ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ. ಹುಡುಗ ಹೋದ ಮೇಲೆ ಆ ಮನೆಯಲ್ಲಿ ಅವನ ಮಾತೆತ್ತಿ ಯಾರೂ ಹೀಗೆ ಎದುರೆದುರು ಕೂತಿರಲಿಲ್ಲ.

"ಅವನು ತುತ್ತನ್ನ ಕೆನ್ನೇಲಿ ಇಟ್ಕೊಂಡು ನಗ್ತಿದ್ದ" ಎಂದಳು ಅಜ್ಜಿ. "ನುಂಗ್ತಾನೇ ಇರ್ಲಿಲ್ಲ ಕಳ್ಳ."

"ಹೂಂ. ನಾನು ಕೆನ್ನೆ ಒತ್ತಿದ್ರೆ ಉಗುಳ್ಬಿಡ್ತಿದ್ದ."

ಇಬ್ಬರೂ ಅಳುತ್ತಲೇ ನಕ್ಕರು. ಒಳಗೆ ಅಳಿಯ ಮೊಟ್ಟೆಯ ಪಾತ್ರೆ ಇಡುವ ಸದ್ದಾಯಿತು. ಚಿನಕುರುಳಿ ಬಾಗಿಲಿಗೆ ಬಂದವಳು ಮೊದಲ ಬಾರಿಗೆ ಏನೂ ಮಾತಾಡದೆ ಹಿಂದೆ ಸರಿದಳು.

"ಅಮ್ಮಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನನಗೆ ಕಲಸಿ ಕೊಡು" ಎಂದಳು ಡಾಕ್ಟರಮ್ಮ.

"ನಾನಾ?"

"ಹೂಂ, ನೀನೇ."

ಅಜ್ಜಿ ಬಹಳ ಹೊತ್ತು ಮಗಳ ಮುಖ ನೋಡಿದಳು. ಆಮೇಲೆ ಎದ್ದು ನಲ್ಲಿಗೆ ಹೋಗಿ ಎಲ್ಲರೂ ತೊಳೆಯುವಷ್ಟೇ ತೊಳೆದು ಬಂದಳು. ತಟ್ಟೆಗೆ ಅನ್ನ ಹಾಕಿ, ಬೆಳಿಗ್ಗೆ ಮಗಳೇ ಸೀಯಿಸಿದ್ದ ಬೇಳೆಯನ್ನು ಮೇಲೆ ಸುರಿದು, ಮೆಲ್ಲಗೆ ಕಲಸಿದಳು. ಉಪ್ಪು ಹೊಸ ಚರ್ಮಕ್ಕೆ ಉರಿಯಿತೇನೋ, ಒಮ್ಮೆ ಹುಬ್ಬು ಗಂಟಿಕ್ಕಿದಳು. ತುತ್ತು ಕಟ್ಟಿದಳು. ಕೈ ಅರ್ಧ ಮೇಲೆದ್ದು ಅಲ್ಲೇ ನಿಂತುಬಿಟ್ಟಿತು. ಒಂದೆರಡು ಅಗುಳು ತಟ್ಟೆಗೆ ಉದುರಿದವು. ಕೈ ಮುಂದೆ ಬರಲಿಲ್ಲ.

ಮಗಳು ಕಾಯಲಿಲ್ಲ. ಬಾಗಿ, ಆ ಕೈಯಲ್ಲಿದ್ದ ತುತ್ತನ್ನು ತಾನೇ ಬಾಯಿಗೆ ತೆಗೆದುಕೊಂಡಳು.